ಒಂದು ಟೈರು ಕೆಟ್ಟರೆ ನಾಲ್ಕೇಕೆ?

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಶಿವರಾತ್ರಿಯ ಆಸುಪಾಸಿನಲ್ಲಿ ಕೂಡುವ ರಾಮಲಿಂಗೇಶ್ವರನ ಜಾತ್ರೆಯನ್ನೂ ಅದರೊಡನೆ ನಡೆಯುವ ದನಗಳ ಪರಿಷೆಯನ್ನೂ ಕೋಲಾರ ಸೀಮೆಯ ವಾಚಕರು ಬಲ್ಲರು. ಜೋಡಿಯಲ್ಲಿ ಒಂದೆತ್ತನ್ನು ಕಳೆದುಕೊಂಡ ರೈತನು ಅಂಥ ಪರಿಷೆಯಲ್ಲಿ ಅಲೆಯುವ ರೀತಿಯೇ ಬೇರೆ. ಅವನಿಗೆ ಬೇಕಾದುದು ಪರಿಷೆಯಲ್ಲಿರುವ ಅತ್ಯುತ್ತಮವಾದ ಎತ್ತಲ್ಲ. ಮನೆಯಲ್ಲಿ ಉಳಿದಿರುವ ಒಂಟಿ ಎತ್ತಿಗೆ ಎತ್ತರದಲ್ಲಿಯೂ ಹೆಜ್ಜೆಯಲ್ಲಿಯೂ ಹೊಂದುವ ಎತ್ತು. ಎಳೆಯ ಹೋರಿ ಎಷ್ಟೇ ಬಲವುಳ್ಳದ್ದಾಗಿರಲಿ, ಮುದಿ ಎತ್ತಿನ ಪಕ್ಕದಲ್ಲಿ ಕಟ್ಟಿದರೆ ನೊಗವು ಓರೆಯಾಗುವುದು, ಎರಡರ ಕತ್ತೂ ಹುಣ್ಣಾಗುವುದು.

ಹೋದ ಶಿವರಾತ್ರಿಗೆ ಬೆಂಗಳೂರಿನಿಂದ ಜಾತ್ರೆಗೆ ಬಂದ ನಮ್ಮ ಗೆಳೆಯರೊಬ್ಬರ ಸಂಕಟವೂ ಇದೇ ಬಗೆಯದಾಗಿದ್ದಿತು. ಅವರದು ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಶಕ್ತಿ ಹಂಚಿಕೆಯಾಗುವ ಸ್ಪೋರ್ಟ್ಸ್ ಕಾರು. ದೇವಸ್ಥಾನದ ಕಡೆಗೆ ತಿರುಗುವ ದಾರಿಯಂಚಿನಲ್ಲಿ ರಾಶಿ ಹಾಕಿದ್ದ ಜಲ್ಲಿಯ ಮೇಲೆ ಹಾಯ್ದು ಮುಂದಿನ ಎಡ ಟೈರಿನ ಪಕ್ಕೆ ಸೀಳಿಹೋಯಿತು. ನೆಲವನ್ನು ಮುಟ್ಟುವ ಭಾಗದಲ್ಲಿ ಮೊಳೆ ಚುಚ್ಚಿದ್ದರೆ ತೇಪೆ ಹಾಕಬಹುದು. ಪ್ರತಿ ಸುತ್ತಿನಲ್ಲಿಯೂ ಬಾಗಿ ಚಾಚುವ ಪಕ್ಕೆಗೆ ತೇಪೆಯಿಲ್ಲ. ಹತ್ತಿರದ ಪಂಕ್ಚರ್ ಅಂಗಡಿಯಾತನು ಟೈರನ್ನು ಉರುಳಿಸಿ ನೋಡಿ, "ಇದು ಮುಗೀತು ಸಾರ್. ಒಂದು ಹೊಸಾದು ಹಾಕ್ಕೊಂಬಿಡಿ, ಮಿಕ್ಕ ಮೂರೂ ಚೆನ್ನಾಗೇ ಅವೆ" ಎಂದನು. ಆತನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸಾಮಾನ್ಯ ಕಾರಿಗಾದರೆ ಅದು ಒಪ್ಪಬಹುದಾದ ಸಲಹೆಯೂ ಹೌದು. ಆದರೆ ಕಾರಿನ ಕೈಪಿಡಿಯು ನಾಲ್ಕು ಟೈರುಗಳನ್ನೂ ಒಟ್ಟಿಗೆ ಬದಲಿಸಬೇಕೆಂದು ಹೇಳುತ್ತಿತ್ತು. ಇದು ಟೈರು ಮಾರುವವರ ಹೂಟವೋ, ಭೌತಶಾಸ್ತ್ರವೋ ಎಂದು ಗೆಳೆಯರು ನಮ್ಮನ್ನು ಕೇಳಿದರು. ಕಾಗದ ಪೆನ್ಸಿಲುಗಳನ್ನು ಹಿಡಿದು ಲೆಕ್ಕ ಮಾಡದೆ ಉತ್ತರ ಹೇಳುವಂತಿರಲಿಲ್ಲ.

ಟೈರಿನ ಪಕ್ಕೆಯ ಮೇಲೆ 245/40 R 18 ಎಂದು ಅಚ್ಚಾಗಿದ್ದಿತು. 245 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಪಕ್ಕೆಯ ಎತ್ತರವು ಆ ಅಗಲದಲ್ಲಿ ನೂರಕ್ಕೆ 40 ಪಾಲು, ಅಂದರೆ 98 ಮಿಲಿಮೀಟರು. 18 ಎಂಬುದು ಒಳಗಿನ ಲೋಹದ ಬಳೆಯ ವ್ಯಾಸ. ಇದು ಮಾತ್ರ ಅಂಗುಲಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರನ್ನೂ ಅಂಗುಲವನ್ನೂ ಶೇಕಡಾವಾರನ್ನೂ ಬೆರೆಸಿದ ಈ ಬರಹವನ್ನು ನಮ್ಮ ವಿದ್ಯಾರ್ಥಿಯೊಬ್ಬನು ಪರೀಕ್ಷೆಯಲ್ಲಿ ಬರೆದಿದ್ದರೆ ನಾವು ಅಂಕ ಕಳೆಯುತ್ತಿದ್ದೆವು; ಆದರೆ ಲೋಕವೆಲ್ಲ ಇದಕ್ಕೆ ಒಗ್ಗಿಹೋಗಿದೆ. 18 ಅಂಗುಲವೆಂದರೆ 457.2 ಮಿ.ಮೀ. ಮೇಲೊಂದು ಕೆಳಗೊಂದು ಪಕ್ಕೆಯನ್ನು ಕೂಡಿಸಿದರೆ ಒಟ್ಟು ವ್ಯಾಸ 653.2 ಮಿ.ಮೀ., ಸುತ್ತಳತೆ ಸುಮಾರು 2,052 ಮಿ.ಮೀ. ಹೊಸ ಟೈರಿನ ತೋಡುಗಳ ಆಳ 8 ಮಿ.ಮೀ. ಎಂದಿಟ್ಟುಕೊಳ್ಳೋಣ. ಗೆಳೆಯರ ಉಳಿದ ಮೂರು ಟೈರುಗಳಲ್ಲಿ ಆಳವು 5 ಮಿ.ಮೀ. ಇದ್ದಿತು. ತ್ರಿಜ್ಯದಲ್ಲಿ 3 ಮಿ.ಮೀ. ಸವೆದಿದೆಯೆಂದರೆ ಸುತ್ತಳತೆಯಲ್ಲಿ ಅದರ 2π ಪಟ್ಟು, ಅಂದರೆ ಸುಮಾರು 19 ಮಿ.ಮೀ. ಕಡಮೆಯಾಗಿದೆಯೆಂದು ಅರ್ಥ. ನೂರಕ್ಕೆ ಒಂದು ಪಾಲೂ ಪೂರ್ತಿಯಾಗಿ ಇಲ್ಲದ ಈ ವ್ಯತ್ಯಾಸವು ಕಣ್ಣಿಗೆ ಕಾಣಿಸದು. ಆದರೆ ಒಂದು ಕಿಲೋಮೀಟರು ಓಡುವಾಗ ಹೊಸ ಟೈರು 487 ಸುತ್ತು ತಿರುಗಿದರೆ ಹಳೆಯದು ಸುಮಾರು 492 ಸುತ್ತು ತಿರುಗಬೇಕು. ಲೆಕ್ಕವನ್ನು ಸೂಕ್ಷ್ಮವಾಗಿ ಮಾಡಿದರೆ ಅಂತರ ನಾಲ್ಕೂವರೆ ಸುತ್ತು. ತೊಂಬತ್ತು ಕಿಲೋಮೀಟರು ಕ್ರಮಿಸಿದರೆ ನಾನೂರು ಸುತ್ತುಗಳ ಅಂತರ ಬೀಳುವುದು. ಈ ನಾನೂರು ಸುತ್ತುಗಳು ಎಲ್ಲಿಯಾದರೂ ತೀರಲೇಬೇಕಲ್ಲವೆ?

ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಬೇಕಾದ ಸಂದರ್ಭ ಹೊಸದೇನೂ ಅಲ್ಲ. ಕಾರು ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿಯು ಒಳಗಿನದಕ್ಕಿಂತ ಹೆಚ್ಚು ದೂರ ಸಾಗಬೇಕು. ಎತ್ತಿನ ಗಾಡಿಯಲ್ಲಿ ಎರಡು ಗಾಲಿಗಳೂ ಅಚ್ಚಿನ ಮೇಲೆ ಸ್ವತಂತ್ರವಾಗಿ ತಿರುಗುವುದರಿಂದ ಅಲ್ಲಿ ಸಮಸ್ಯೆಯೇ ಇಲ್ಲ. ಎಳೆಯುವುದು ಎತ್ತು, ಗಾಲಿಯಲ್ಲ. ಆದರೆ ಯಂತ್ರದಿಂದ ಗಾಲಿಯನ್ನೇ ತಿರುಗಿಸಬೇಕಾದಾಗ ಎರಡು ಗಾಲಿಗಳನ್ನೂ ಒಂದೇ ದಂಡಕ್ಕೆ ಬಿಗಿದರೆ ತಿರುವಿನಲ್ಲಿ ಒಂದಾದರೂ ನೆಲದ ಮೇಲೆ ಉಜ್ಜಿಕೊಂಡು ಹೋಗಬೇಕಾಗುವುದು. ಇದನ್ನು ತಪ್ಪಿಸುವುದಕ್ಕಾಗಿಯೇ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಪೆಟ್ಟಿಗೆಯಿದೆ. ಮೋಟಾರು ಕಾರು ಹುಟ್ಟುವುದಕ್ಕೆ ಎಷ್ಟೋ ಮೊದಲು, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ, ಫ್ರಾನ್ಸಿನ ಪೆಕ್ಯೂರ್ ಎಂಬಾತನು ಉಗಿಗಾಡಿಗೆಂದು ಇದನ್ನು ಕಲ್ಪಿಸಿದನು. ಇದರ ನಿಯಮ ಸರಳವಾದದ್ದು: ಎರಡು ಗಾಲಿಗಳ ವೇಗಗಳ ಸರಾಸರಿಯು ಪೆಟ್ಟಿಗೆಯ ವೇಗಕ್ಕೆ ಸಮ. ಒಂದು ಗಾಲಿ ಹತ್ತು ಸುತ್ತು ಮುಂದಾದರೆ ಇನ್ನೊಂದು ಹತ್ತು ಸುತ್ತು ಹಿಂದಾಗುವುದು.

ಎರಡೇ ಗಾಲಿಗಳಿಗೆ ಶಕ್ತಿಯುಳ್ಳ ಕಾರಿನಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ನಾಲ್ಕಕ್ಕೂ ಶಕ್ತಿಯನ್ನು ಹಂಚಬೇಕಾದರೆ ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು ಡಿಫರೆನ್ಷಿಯಲ್ ಸಾಲದು. ಅವೆರಡರ ನಡುವೆಯೂ ಒಂದು ಏರ್ಪಾಡು ಬೇಕು. ಡಚ್ಚರ ಸ್ಪೈಕರ್ ಕಂಪನಿಯು 1903ರಲ್ಲಿಯೇ ನಾಲ್ಕು ಗಾಲಿಗಳನ್ನೂ ನಡೆಸುವ ಪಂದ್ಯದ ಕಾರನ್ನು ಕಟ್ಟಿದ್ದಿತು. ರಸ್ತೆಯ ಮೇಲಿನ ಸ್ಪೋರ್ಟ್ಸ್ ಕಾರುಗಳಿಗೆ ಈ ವಿಧಾನವನ್ನು ಇಂಗ್ಲೆಂಡಿನ ಜೆನ್ಸೆನ್ 1966ರಲ್ಲಿ ತಂದಿತು. ಜರ್ಮನಿಯ ಔಡಿ ಕಂಪನಿಯ ಕ್ವಾಟ್ರೋ 1980ರಲ್ಲಿ ಬಂದು, ರ‍್ಯಾಲಿ ಪಂದ್ಯಗಳಲ್ಲಿ ಗೆದ್ದು ಅದನ್ನು ಮನೆಮಾತಾಗಿಸಿತು. ನಡುವಣ ಏರ್ಪಾಡು ಕೆಲವು ಕಾರುಗಳಲ್ಲಿ ಮೂರನೆಯ ಡಿಫರೆನ್ಷಿಯಲ್. ಕೆಲವದರಲ್ಲಿ ಸಿಲಿಕೋನ್ ದ್ರವದಲ್ಲಿ ಮುಳುಗಿದ ತೆಳುತಗಡುಗಳ ಜೋಡಣೆ. ಈಗಿನ ಬಹು ಕಾರುಗಳಲ್ಲಿ ಎಣ್ಣೆಯಲ್ಲಿ ನೆನೆದ ಅನೇಕ ತಟ್ಟೆಗಳ ಕ್ಲಚ್ಚು. ಗಣಕವು ಈ ತಟ್ಟೆಗಳನ್ನು ಬೇಕಾದಷ್ಟೇ ಒತ್ತಿ, ಹಿಂದಿನ ಅಚ್ಚಿಗೆ ಎಷ್ಟು ಬಲ ಹೋಗಬೇಕೋ ಅಷ್ಟನ್ನೇ ಬಿಡುತ್ತದೆ.

ಹಳೆಯ ಜೀಪುಗಳಲ್ಲಿ ನಡುವಣ ಏರ್ಪಾಡೇ ಇರಲಿಲ್ಲ. ಲಿವರು ಎಳೆದು ನಾಲ್ಕೂ ಗಾಲಿಗಳಿಗೆ ಶಕ್ತಿ ಕೊಟ್ಟೊಡನೆ ಮುಂದಿನ ಹಿಂದಿನ ಅಚ್ಚುಗಳೆರಡೂ ಒಂದಕ್ಕೊಂದು ಬಿಗಿದುಕೊಳ್ಳುತ್ತಿದ್ದವು. ಕೆಸರಿನಲ್ಲಿ ಇದರಿಂದ ತೊಂದರೆಯಿಲ್ಲ. ಗಾಲಿಗಳು ತುಸು ಜಾರಿ ಲೆಕ್ಕವನ್ನು ಸರಿಮಾಡಿಕೊಳ್ಳುತ್ತವೆ. ಡಾಂಬರಿನ ಮೇಲೆ ಜಾರಲು ಎಡೆಯಿಲ್ಲವಾಗಿ ದಂಡಗಳು ಹುರಿಗೊಂಡು, ಸ್ಟಿಯರಿಂಗ್ ಬಿಗಿಯಾಗಿ, ಕೊನೆಗೆ ಯಾವುದಾದರೊಂದು ಹಲ್ಲುಚಕ್ರ ಮುರಿಯುವುದೂ ಉಂಟು. ನಾಲ್ಕು ಗಾಲಿಗಳ ಚಾಲನೆಯ ಟ್ರಾಕ್ಟರನ್ನು ಓಡಿಸುವ ರೈತರಿಗೆ ಇದು ತಿಳಿದ ವಿಷಯವೇ. ಅದರ ಮುಂದಿನ ಗಾಲಿಗಳು ಚಿಕ್ಕವಾದರೂ, ಅವು ನೆಲದ ಮೇಲೆ ಹಿಂದಿನವಕ್ಕಿಂತ ನೂರಕ್ಕೆ ಕೆಲವು ಪಾಲು ವೇಗವಾಗಿ ಉರುಳುವಂತೆ ಹಲ್ಲುಗಳ ಪ್ರಮಾಣವನ್ನು ಬೇಕೆಂದೇ ಇಟ್ಟಿರುತ್ತಾರೆ. ಉಳುವಾಗ ಮುಂಭಾಗವು ಎಳೆಯಲೆಂದು. ಆದುದರಿಂದಲೇ ಹೊಲದಿಂದ ಡಾಂಬರು ರಸ್ತೆಗೆ ಏರಿದೊಡನೆ ಮುಂದಿನ ಚಾಲನೆಯನ್ನು ಬಿಡಿಸಬೇಕು. ಟೈರು ಬದಲಿಸುವಾಗಲೂ ಮುಂದಿನದು, ಹಿಂದಿನದು ಎಂದು ಬೇರೆ ಬೇರೆ ಅಳತೆಯ ಟೈರುಗಳನ್ನು ಮನಬಂದಂತೆ ಹಾಕಿದರೆ ಈ ಪ್ರಮಾಣ ಕೆಡುತ್ತದೆ.

ಈಗ ಗೆಳೆಯರ ಕಾರಿಗೆ ಮರಳೋಣ. ಮುಂದಿನ ಎಡಕ್ಕೆ ಒಂದೇ ಹೊಸ ಟೈರು ಹಾಕಿದರೆ ಏನಾಗುವುದು? ನೇರವಾದ ರಸ್ತೆಯಲ್ಲಿಯೂ ಮುಂದಿನ ಡಿಫರೆನ್ಷಿಯಲ್ ಒಂದು ಕ್ಷಣವೂ ಸುಮ್ಮನಿರಲಾರದು. ಎರಡು ಗಾಲಿಗಳ ನಡುವಣ ಅಂತರ ಒಂದೂವರೆ ಮೀಟರಿನಷ್ಟಿದ್ದರೆ, ಅದರ ಪಾಲಿಗೆ ಕಾರು ಸುಮಾರು 160 ಮೀಟರು ತ್ರಿಜ್ಯದ ವೃತ್ತದಲ್ಲಿ ಎಂದೆಂದಿಗೂ ಸುತ್ತುತ್ತಿರುವಂತೆಯೇ ಸರಿ. ಮುಂದಿನ ಅಚ್ಚಿನ ಸರಾಸರಿಯು ಹಿಂದಿನದಕ್ಕಿಂತ ಕಿಲೋಮೀಟರಿಗೆ ಎರಡೂಕಾಲು ಸುತ್ತಿನಷ್ಟು ಕಡಮೆಯಾಗುವುದು.

ಹಾಗಾದರೆ ಮುಂದಿನ ಎರಡನ್ನೂ ಹೊಸದಾಗಿ ಹಾಕಿದರೆ? ಜೋಡಿ ಸರಿಯಾಯಿತೆಂದು ತೋರುವುದು. ಮುಂದಿನ ಡಿಫರೆನ್ಷಿಯಲ್ಲಿಗೂ ನೆಮ್ಮದಿ. ಆದರೆ ಈಗ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಅಂತರ ಎರಡೂಕಾಲಲ್ಲ, ಪೂರ್ತಿ ನಾಲ್ಕೂವರೆ ಸುತ್ತು! ಒಂದೇ ಟೈರು ಹಾಕಿದಾಗಿನದಕ್ಕಿಂತ ನಡುವಣ ಕ್ಲಚ್ಚಿಗೆ ಇಮ್ಮಡಿ ಕಷ್ಟ. ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕೆಂದು ನಮ್ಮ ಕೋರಿಕೆ. ಮುಂದಿನ ಎಡಕ್ಕೊಂದು, ಹಿಂದಿನ ಬಲಕ್ಕೊಂದು ಹೊಸ ಟೈರನ್ನು ಕರ್ಣರೇಖೆಯಂತೆ ಹಾಕಿದರೆ ಎರಡು ಅಚ್ಚುಗಳ ಸರಾಸರಿಯೂ ಸಮವಾಗಿ ನಡುವಣ ಕ್ಲಚ್ಚು ಬದುಕಿಕೊಳ್ಳುವುದು. ಆದರೆ ಎರಡು ಡಿಫರೆನ್ಷಿಯಲ್ಲುಗಳೂ ಬಿಡುವಿಲ್ಲದೆ ತಿರುಗುತ್ತಿರುವುವು, ಮಳೆಯಲ್ಲಿ ಬ್ರೇಕು ಒತ್ತಿದಾಗ ಎಡಬಲಗಳ ಹಿಡಿತ ಬೇರೆಬೇರೆಯಾಗುವುದು. ಎರಡೇ ಗಾಲಿಗಳಿಗೆ ಶಕ್ತಿಯಿರುವ ಕಾರಿನಲ್ಲಿ ಎರಡೇ ಹೊಸ ಟೈರು ಕೊಳ್ಳುವುದಾದರೆ ಅವನ್ನು ಹಿಂದಕ್ಕೆ ಹಾಕಿ, ಹಳೆಯವನ್ನು ಮುಂದಕ್ಕೆ ತರಬೇಕೆಂಬುದು ಒಳ್ಳೆಯ ನಿಯಮ. ಹಿಂಭಾಗ ಜಾರಿದರೆ ಕಾರು ಗಿರಕಿ ಹೊಡೆಯುವುದು. ಆದರೆ ಆ ನಿಯಮವು ನಮ್ಮ ಈ ತೊಡಕನ್ನು ಬಿಡಿಸದು. ಒಂದರಲ್ಲಿ ಉಳಿಸಿದ ತೊಂದರೆ ಇನ್ನೊಂದರಲ್ಲಿ ತಲೆಯೆತ್ತುತ್ತದೆ.

ಈ ತೊಂದರೆಯ ಮೊತ್ತವೆಷ್ಟು? ಕ್ಲಚ್ಚು ಇರುವ ಉದ್ದನೆಯ ದಂಡವು ಗಾಲಿಗಿಂತ ಸುಮಾರು ಮೂರೂವರೆ ಪಟ್ಟು ವೇಗವಾಗಿ ತಿರುಗುವುದೆನ್ನೋಣ. ಮುಂದೆ ಎರಡು ಹೊಸ ಟೈರುಗಳಿರುವಾಗ, ಗಂಟೆಗೆ 100 ಕಿ.ಮೀ. ವೇಗದಲ್ಲಿ ತಟ್ಟೆಗಳು ಒಂದರ ಮೇಲೊಂದು ನಿಮಿಷಕ್ಕೆ 26 ಸುತ್ತಿನಂತೆ ಜಾರುತ್ತಿರುವುವು. ಆ ಹೊತ್ತಿನಲ್ಲಿ ಕ್ಲಚ್ಚು 100 ನ್ಯೂಟನ್-ಮೀಟರಿನ ತಿರುಚುಬಲವನ್ನು ಸಾಗಿಸುತ್ತಿದ್ದರೆ, ಶಾಖವಾಗಿ ಹೋಗುವ ಶಕ್ತಿ ಸುಮಾರು 275 ವಾಟ್. ಹಳೆಯ ಕಾಲದ ನೂರು ವಾಟಿನ ಬುರುಡೆ ದೀಪಗಳನ್ನು ಎರಡು ಮುಕ್ಕಾಲರಷ್ಟು ಆ ಪುಟ್ಟ ಎಣ್ಣೆಯ ಡಬ್ಬಿಯೊಳಗೆ ಮುಳುಗಿಸಿ ಉರಿಸಿದಂತೆ. ಸಮವೇಗದಲ್ಲಿ ಹೋಗುವಾಗ ಗಣಕವು ತಟ್ಟೆಗಳನ್ನು ಬಹುಪಾಲು ಸಡಿಲಬಿಡುವುದರಿಂದ ಇಷ್ಟು ಶಾಖ ಯಾವಾಗಲೂ ಹುಟ್ಟದು, ನಿಜ. ತಟ್ಟೆಗಳು ಒಂದು ದಿನದಲ್ಲಿ ಸುಟ್ಟುಹೋಗುವುದೂ ಇಲ್ಲ. ತಿಂಗಳುಗಟ್ಟಲೆ ಓಡಿದ ಮೇಲೆ ಎಣ್ಣೆ ಕೆಟ್ಟು, ತಟ್ಟೆ ಸವೆದು, ಒಂದು ದಿನ ಹಿಂದಿನ ಗಾಲಿಗಳಿಗೆ ಶಕ್ತಿ ಹೋಗುವುದು ನಿಲ್ಲುತ್ತದೆ. ಟೈರಿನಲ್ಲಿ ಉಳಿಸಿದ ಹಣಕ್ಕಿಂತ ಆಗಿನ ಖರ್ಚು ಎಷ್ಟೋ ಹೆಚ್ಚು. ಆ ಹೊತ್ತಿಗೆ ಕಾರಣವೇನೆಂಬುದು ಯಾರ ನೆನಪಿನಲ್ಲಿಯೂ ಇರದು.

ನಮ್ಮ ಲೆಕ್ಕದಲ್ಲಿ ಒಂದು ತಿದ್ದುಪಡಿಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಮಿಷೆಲಿನ್ ಕಂಪನಿಯು 1946ರಲ್ಲಿ ಹಕ್ಕುಪತ್ರ ಪಡೆದ ರೇಡಿಯಲ್ ಟೈರಿನಲ್ಲಿ, ನೆಲ ಮುಟ್ಟುವ ರಬ್ಬರಿನ ಕೆಳಗೆ ಉಕ್ಕಿನ ತಂತಿಗಳ ಪಟ್ಟಿಯೊಂದು ಬಳಸಿಕೊಂಡಿರುತ್ತದೆ. ಈ ಪಟ್ಟಿಯು ಹಿಗ್ಗದು, ಕುಗ್ಗದು. ಆದುದರಿಂದ ಮೇಲಿನ ರಬ್ಬರು ಸವೆದರೂ ಟೈರು ಒಂದು ಸುತ್ತಿಗೆ ಕ್ರಮಿಸುವ ದೂರವು ನಾವು 2π ಹಿಡಿದು ಲೆಕ್ಕಿಸಿದಷ್ಟು ಕಡಮೆಯಾಗದು. ಅಂತರ ಕಿರಿದಾಗುವುದು, ಅಳಿಯದು. ಕಾರು ತಯಾರಕರು ವಿಧಿಸುವ ಮಿತಿಗಳು ಬಹು ಬಿಗಿಯಾದವು. ಜಪಾನಿನ ಸುಬಾರು ಕಂಪನಿಯು ತನ್ನ ಕಾರುಗಳಿಗೆ ಸುತ್ತಳತೆಯಲ್ಲಿ ಕಾಲು ಅಂಗುಲದೊಳಗಿನ ಅಂತರವನ್ನು ಮಾತ್ರ ಒಪ್ಪುತ್ತದೆ. ಕಾಲು ಅಂಗುಲ ಸುತ್ತಳತೆಯೆಂದರೆ ತೋಡಿನ ಆಳದಲ್ಲಿ ಒಂದೇ ಮಿಲಿಮೀಟರು. ಬೇರೆ ಕಂಪನಿಗಳು ಸ್ವಲ್ಪ ಉದಾರಿಗಳು. ತಮ್ಮ ಕಾರಿನ ಮಿತಿ ಯಾವುದೆಂಬುದನ್ನು ಒಡೆಯರು ಕೈಪಿಡಿಯಲ್ಲಿಯೇ ನೋಡಬೇಕು. ಗಾಳಿಯ ಒತ್ತಡ ನಾಲ್ಕರಲ್ಲಿಯೂ ನಿಯಮಿಸಿದಷ್ಟಿಲ್ಲದಿದ್ದರೂ ಇದೇ ಬಗೆಯ ಅಂತರ ಹುಟ್ಟುವುದು. ಎಷ್ಟೋ ಕಾರುಗಳು ಒತ್ತಡಮಾಪಕವೇ ಇಲ್ಲದೆ, ಗಾಲಿಗಳ ಸುತ್ತುಗಳನ್ನು ಎಣಿಸಿಯೇ 'ಒಂದು ಟೈರಿನ ಗಾಳಿ ಇಳಿದಿದೆ' ಎಂದು ದೀಪ ಹೊತ್ತಿಸುವುದು ಈ ತತ್ತ್ವದಿಂದಲೇ.

ಪಾಶ್ಚಾತ್ಯ ದೇಶಗಳ ಕೆಲವು ಅಂಗಡಿಗಳಲ್ಲಿ ಹೊಸ ಟೈರನ್ನು ಯಂತ್ರದಿಂದ ಹೆರೆದು ಹಳೆಯವುಗಳ ಮಟ್ಟಕ್ಕೆ ಇಳಿಸಿಕೊಡುವುದುಂಟು. ಹೊಸದನ್ನು ಕೊಂಡು ಕೆತ್ತಿಸುವುದನ್ನು ನಮ್ಮವರು ಕೇಳಿದರೆ ನಕ್ಕಾರು, ಆದರೆ ಅದು ಲೆಕ್ಕಕ್ಕೆ ಸರಿಯಾದ ಕೆಲಸವೇ.

ನಾಲ್ಕನ್ನೂ ಕೊಳ್ಳುವುದೆಂದು ನಿರ್ಧಾರವಾದ ಮೇಲೆ ಎಂಥವನ್ನು ಎಂಬ ಪ್ರಶ್ನೆ. ನಾಲ್ಕು ಗಾಲಿಗಳ ಚಾಲನೆಯುಳ್ಳ ಕಾರಿನ ಒಡೆಯರಲ್ಲಿ ಒಂದು ಭ್ರಮೆ ಬೇರೂರಿರುವುದನ್ನು ನಾವು ಕಂಡಿದ್ದೇವೆ: ತಮ್ಮ ಕಾರು ಜಾರದು ಎಂಬ ಭ್ರಮೆ. ಒದ್ದೆ ರಸ್ತೆಯಲ್ಲಿ ಘರ್ಷಣಾಂಕ 0.4 ಎಂದುಕೊಳ್ಳೋಣ. ಭಾರದ ಅರ್ಧವನ್ನು ಹೊತ್ತ ಎರಡೇ ಗಾಲಿಗಳು ನೂಕಿದರೆ ಕಾರು ನಿಂತಲ್ಲಿಂದ ಗಂಟೆಗೆ 50 ಕಿ.ಮೀ. ಮುಟ್ಟಲು ಸುಮಾರು 7 ಸೆಕೆಂಡು ಬೇಕು. ನಾಲ್ಕೂ ನೂಕಿದರೆ ಮೂರೂವರೆ ಸೆಕೆಂಡು ಸಾಕು. ಹೊರಡುವುದರಲ್ಲಿ ಇಮ್ಮಡಿ ಲಾಭ. ಆದರೆ ನಿಲ್ಲುವಾಗ? ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗಳಿಗೇ ಇರುವುದು. ಗಂಟೆಗೆ 80 ಕಿ.ಮೀ. ವೇಗದಿಂದ ನಿಲ್ಲಲು ಘರ್ಷಣಾಂಕ 0.8 ಇರುವ ಒಣ ರಸ್ತೆಯಲ್ಲಿ 31 ಮೀಟರಿಗೂ ಮೇಲೆ ಬೇಕಾದರೆ, 0.4ರ ಒದ್ದೆಯಲ್ಲಿ 63 ಮೀಟರು ಬೇಕು. ಈ ಸೂತ್ರದಲ್ಲಿ ಎಂಜಿನ್ನಿನ ಶಕ್ತಿ ಎಷ್ಟು ಗಾಲಿಗಳಿಗೆ ಹೋಗುವುದೆಂಬುದು ಎಲ್ಲಿಯೂ ಬಾರದು. ಬೇಗ ಹೊರಡಬಲ್ಲ ಕಾರು ರಸ್ತೆ ಎಷ್ಟು ಜಾರುತ್ತಿದೆ ಎಂಬುದನ್ನು ಚಾಲಕನಿಂದ ಮರೆಮಾಚುತ್ತದೆ. ಅದು ತಿಳಿಯುವುದು ಬ್ರೇಕು ಒತ್ತಿದಾಗಲೇ. ಆದುದರಿಂದ ಕಾರು ಎಷ್ಟು ಶಕ್ತವೋ ಒದ್ದೆಯಲ್ಲಿ ಟೈರಿನ ಹಿಡಿತವನ್ನು ಅಷ್ಟು ಹೆಚ್ಚಾಗಿ ಗಮನಿಸಬೇಕು.

ಕೋಲಾರವು ಬರದ ಜಿಲ್ಲೆಯೆಂದು ಹೆಸರಾಗಿರುವುದರಿಂದ ಮಳೆಯ ಮಾತು ವಿಚಿತ್ರವೆನಿಸಬಹುದು. ಆದರೆ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಇಲ್ಲಿಯೂ ಮಳೆ ಹೊಯ್ಯುವುದು. ತಿಂಗಳುಗಟ್ಟಲೆ ಧೂಳೂ ಎಣ್ಣೆಯೂ ಕೂಡಿದ ರಸ್ತೆಯು ಮೊದಲ ಹನಿಗೆ ಸಾಬೂನಿನಂತಾಗುವುದು. ನಿಂತ ನೀರಿನ ಮೇಲೆ ಟೈರು ತೇಲಲಾರಂಭಿಸುವ ವೇಗಕ್ಕೆ ಅಮೆರಿಕದ ನಾಸಾ ಸಂಸ್ಥೆಯು ವಿಮಾನಗಳ ಟೈರುಗಳನ್ನು ಪರೀಕ್ಷಿಸಿ ಕಂಡುಕೊಂಡ ಸರಳ ಸೂತ್ರವೊಂದಿದೆ: ಒತ್ತಡವನ್ನು ಚದರಂಗುಲಕ್ಕೆ ಪೌಂಡುಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ಗಂಟೆಗೆ ಮೈಲಿಗಳಲ್ಲಿ ವೇಗ ಬರುವುದು. 33 ಪೌಂಡು ಗಾಳಿಯ ಟೈರಿಗೆ ಇದು ಸುಮಾರು 59 ಮೈಲಿ, ಅಂದರೆ 96 ಕಿಲೋಮೀಟರು. ತೋಡುಗಳು ನೀರನ್ನು ಹೊರಹಾಕಲಾಗದಷ್ಟು ಸವೆದಿರುವಾಗ ಈ ಲೆಕ್ಕ. ಚೆನ್ನೈ ಹೆದ್ದಾರಿಯಲ್ಲಿ ಈ ವೇಗವನ್ನು ಮೀರದವರು ಎಷ್ಟು ಮಂದಿ? ನಮ್ಮ ಕಾನೂನು ಕಾರಿನ ಟೈರಿನ ತೋಡು 1.6 ಮಿ.ಮೀ.ವರೆಗೆ ಸವೆಯಬಹುದೆನ್ನುತ್ತದೆ, ಅಷ್ಟಾದಾಗ ಕಾಣುವಂತೆ ತೋಡಿನ ತಳದಲ್ಲಿ ಪುಟ್ಟ ದಿಬ್ಬಗಳನ್ನೂ ಇಟ್ಟಿರುತ್ತಾರೆ. ಅದು ಕಾನೂನಿನ ಕನಿಷ್ಠ. ಸ್ಪೋರ್ಟ್ಸ್ ಕಾರಿಗೆ 3 ಮಿ.ಮೀ. ಆದಾಗಲೇ ಬದಲಿಸುವುದು ಲೇಸೆಂದು ನಮ್ಮ ಅಭಿಪ್ರಾಯ.

ಅಗಲವಾದ ಟೈರಿನ ಮೋಹದ ಬಗೆಗೂ ಒಂದು ಮಾತು. 1,600 ಕಿಲೋಗ್ರಾಂ ಕಾರಿನ ಒಂದು ಗಾಲಿಯ ಮೇಲೆ 400 ಕಿಲೋಗ್ರಾಂ ಬೀಳುವುದು. ಒಳಗಿನ ಗಾಳಿಯ ಒತ್ತಡದಿಂದ ಭಾಗಿಸಿದರೆ ನೆಲ ಮುಟ್ಟುವ ಜಾಗ ಸುಮಾರು 170 ಚದರ ಸೆಂಟಿಮೀಟರು, ಅಂಗೈಯಗಲ. ಅಗಲವಾದ ಟೈರನ್ನು ಹಾಕಿದರೂ ಒತ್ತಡ ಅದೇ ಇದ್ದರೆ ಈ ವಿಸ್ತೀರ್ಣ ಹೆಚ್ಚುಕಡಮೆ ಅಷ್ಟೇ. ಅದರ ಆಕಾರ ಮಾತ್ರ ಉದ್ದವಿದ್ದದ್ದು ಅಡ್ಡವಾಗುವುದು. ತಿರುವಿನಲ್ಲಿ ಇದರಿಂದ ಉಪಯೋಗವುಂಟು, ನೀರಿನ ಮೇಲೆ ನಷ್ಟವುಂಟು. ಪಕ್ಕೆ ಗಿಡ್ಡವಾದಷ್ಟೂ ಕಾರು ಚುರುಕಾಗಿ ತಿರುಗುವುದು. ಗುಂಡಿಯ ಅಂಚಿಗೆ ತಗುಲಿದಾಗ ಬಳೆ ಬಗ್ಗುವುದೂ ಪಕ್ಕೆ ಸೀಳುವುದೂ ಅಷ್ಟೇ ಚುರುಕು. ತಯಾರಕರು ಎರಡು ಅಳತೆಗಳನ್ನು ಒಪ್ಪಿದ್ದರೆ ನಮ್ಮ ಕಡೆಯ ಹಳ್ಳಿದಾರಿಗಳಿಗೆ ಎತ್ತರದ ಪಕ್ಕೆಯೇ ಮೇಲು. ಒಟ್ಟು ವ್ಯಾಸ ಮಾತ್ರ ಬದಲಾಗಬಾರದು.

ಅಳತೆಯ ಮುಂದೆ 97 W ಎಂದಿದ್ದರೆ, 97 ಎಂಬುದು ಒಂದು ಟೈರು 730 ಕಿಲೋಗ್ರಾಂ ಹೊರಬಲ್ಲದೆಂಬ ಸಂಕೇತ. W ಎಂದರೆ ಗಂಟೆಗೆ 270 ಕಿ.ಮೀ. ತಡೆಯಬಲ್ಲದೆಂದು. ಅಷ್ಟು ವೇಗ ನಮಗೆಲ್ಲಿ ಎಂದು ಕೀಳುದರ್ಜೆಯದನ್ನು ಹಾಕಬಾರದು. ವೇಗದ ದರ್ಜೆಯೆಂದರೆ ಶಾಖವನ್ನು ತಾಳುವ ದರ್ಜೆಯೂ ಹೌದು, ಏಪ್ರಿಲ್ ಬಿಸಿಲಿನಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಹೋಗುವ ಎಕ್ಸ್‌ಪ್ರೆಸ್‌ವೇಯಲ್ಲಿ ಅದರ ಬೆಲೆ ತಿಳಿಯುವುದು. ಹಿಮದ ಚಿತ್ರವನ್ನು ಒತ್ತಿದ ಚಳಿಗಾಲದ ಟೈರುಗಳು ಅಗ್ಗಕ್ಕೆ ಸಿಕ್ಕಿದರೂ ನಮಗಲ್ಲ. ಶೀತದಲ್ಲಿ ಮೃದುವಾಗಿರಲೆಂದು ಬೆರೆಸಿದ ಆ ರಬ್ಬರು ನಮ್ಮ ಸೆಕೆಯಲ್ಲಿ ಬೇಗ ಸವೆಯುವುದು. ಭಾರತೀಯ ಮಾನಕದ ಐಎಸ್‌ಐ ಮುದ್ರೆಯಿದೆಯೇ ನೋಡಬೇಕು. ಜೊತೆಗೆ ಪಕ್ಕೆಯ ಮೇಲೆ ಅಂಡಾಕೃತಿಯ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ: 2324 ಎಂದಿದ್ದರೆ ಅದು 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯ ಅಟ್ಟದಲ್ಲಿ ಮಲಗಿದ್ದರೂ ಆಮ್ಲಜನಕವು ರಬ್ಬರನ್ನು ಗಟ್ಟಿಯಾಗಿಸುತ್ತಲೇ ಇರುವುದು. ನಾಲ್ಕು ಟೈರುಗಳೂ ಒಂದೇ ಕಂಪನಿಯ ಒಂದೇ ಮಾದರಿಯವಾಗಿರಬೇಕು. ಅಳತೆ ಒಂದೇ ಎಂದು ಬರೆದಿದ್ದರೂ ಎರಡು ಕಂಪನಿಗಳ ಟೈರುಗಳು ಸುತ್ತಳತೆಯಲ್ಲಿ ಕೂದಲೆಳೆಯಷ್ಟಲ್ಲ, ಮಿಲಿಮೀಟರುಗಳಷ್ಟೇ ವ್ಯತ್ಯಾಸವಾಗಿರುವುವು.

ಗೆಳೆಯರು ಡಿಕ್ಕಿಯಲ್ಲಿದ್ದ ತಾತ್ಕಾಲಿಕ ಗಾಲಿಯನ್ನು ಹಾಕಿಕೊಂಡು, ಅದರ ಮೇಲೆ ಬರೆದಿದ್ದ 80 ಕಿ.ಮೀ. ಮಿತಿಯನ್ನು ಮೀರದೆ ಬೆಂಗಳೂರು ಸೇರಿದರು. ವಾರದೊಳಗೆ ನಾಲ್ಕು ಹೊಸ ಟೈರುಗಳು ಬಂದವು. ಐದೈದು ಮಿಲಿಮೀಟರು ಉಳಿದಿದ್ದ ಮೂರು ಹಳೆಯ ಟೈರುಗಳನ್ನು ಮಾರಿಬಿಡುವೆನೆಂದರು. ಎರಡನ್ನು ಮಾರಿ ಒಂದನ್ನು ನೆರಳಿನಲ್ಲಿ ಇಟ್ಟುಕೊಳ್ಳಿರೆಂದು ನಾವು ಹೇಳಿದೆವು. ಹೊಸವು ಅದೇ ಮಾದರಿಯವಾದುದರಿಂದ, ಅವೂ ಐದು ಮಿಲಿಮೀಟರಿಗೆ ಇಳಿದ ಕಾಲಕ್ಕೆ ಒಂದು ಕೆಟ್ಟರೆ ಈ ಒಂಟಿ ಟೈರು ಜೋಡಿಯಾಗಬಹುದು. ಆ ಹೊತ್ತಿಗೆ ಅದರ ರಬ್ಬರಿನ ವಯಸ್ಸು ಎಷ್ಟಾಗಿರುವುದೋ, ಪಕ್ಕೆಯ ನಾಲ್ಕು ಅಂಕಿಗಳನ್ನು ನೋಡಿಯೇ ನಿರ್ಧರಿಸಬೇಕು.